ಭ್ರಮರಾಂಬ ಟಾಕೀಸಿನ ಬಸುರಿ

ಚಳ್ಳಕೆರೆಯಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಭ್ರಮರಾಂಬ ಟಾಕೀಸಿನಲ್ಲಿ ದೆವ್ವ ಇತ್ತೆಂದೇ ಹೇಳುತ್ತಾರೆ. ಬಸುರಿ ಹೆಂಗಸಿನ ದೆವ್ವ. ಸತ್ತ ಮೇಲೆ ಪರದೆಯ ಹಿಂದೆಯೇ ಹೆತ್ತಳಂತೆ. ಕೂಸು ಅಳುವುದು, ಗೆಜ್ಜೆ ಸದ್ದಾಗುವುದು ಹೊರಗಿನ ರಸ್ತೆಗೂ ಕೇಳುತ್ತಿತ್ತಂತೆ. ಕಾಲೇಜಿನ ದಿನಗಳಲ್ಲಿ ನಾನೂ ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಕೂತು, ಸಿನಿಮಾ ಬಿಟ್ಟು ಆ ಸದ್ದಿಗೆ ಕಿವಿಗೊಟ್ಟವನೇ. ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಚಿಕ್ಕಕ್ಕ ಹೋದ ವರ್ಷ ನಮ್ಮ ಜಗಲಿಯ ಮೇಲೆ ಕೂತು ಆ ದೆವ್ವ ಯಾರೆಂದು ಹೇಳಿದಳು. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ.

ಚಿಕ್ಕಕ್ಕ ಮೊಳಕಾಲ್ಮುರು ಕಡೆಯ ಸಿದ್ದಾಪುರದವಳು. ಅಪ್ಪನಿಗೆ ಕುರಿಗಳಿದ್ದವು. ಬಂಡೆಗಳ ನಡುವೆ ಕುರಿ ಕಾಯುತ್ತ, ಆಂಧ್ರದ ಕಡೆಯಿಂದ ಬರುವ ಕುರಿಯವರ ಜೊತೆ ಮಾತಾಡುತ್ತ ತೆಲುಗು ಕಲಿತಳು. ಹತ್ತೊಂಬತ್ತಕ್ಕೆ ಮದುವೆಯಾಯಿತು. ಗಂಡ ಲಾರಿ ಕ್ಲೀನರ್. ಹೊಡೆಯುವುದಕ್ಕೆ ಕಾರಣ ಹುಡುಕುವ ಕಷ್ಟವನ್ನೂ ಅವನು ತೆಗೆದುಕೊಳ್ಳುತ್ತಿರಲಿಲ್ಲ. 1994ರ ಬೇಸಿಗೆಯಲ್ಲಿ ಎಡಗೈ ಮೂಳೆ ಮುರಿದಾಗ, ಒಂದೂವರೆ ವರ್ಷದ ಮಗಳು ದಿವ್ಯಾಳನ್ನು ಎತ್ತಿಕೊಂಡು ತವರಿಗೆ ಹೋದಳು. ಅಣ್ಣಂದಿರು ಕೈಗೆ ಕಟ್ಟು ಹಾಕಿಸಿದರು. ಕಟ್ಟು ಬಿಚ್ಚಿದ ಮಾರನೆಯ ದಿನವೇ ಬಂದು ಕರೆದೊಯ್ಯುವಂತೆ ಗಂಡನಿಗೆ ಹೇಳಿಕಳಿಸಿದರು. ಅವನು ಬರುವ ಮೊದಲೇ ಚಿಕ್ಕಕ್ಕ ಚಳ್ಳಕೆರೆಯ ಬಸ್ಸು ಹತ್ತಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸೊಬ್ಬಳು, ಟಾಕೀಸಿನಲ್ಲಿ ಹೆಂಗಸರ ಟಿಕೆಟ್ ಕೊಡುವುದಕ್ಕೆ ಜನ ಬೇಕಂತೆ, ಆದರೆ ಯಾರೂ ಹೋಗುತ್ತಿಲ್ಲ ಅಂದಳು. ಯಾಕೆ ಹೋಗುತ್ತಿಲ್ಲ ಅನ್ನುವುದನ್ನೂ ಹೇಳಿದಳು. ಆ ಕೌಂಟರಿನಲ್ಲಿ ಕೂರುತ್ತಿದ್ದವಳು ತಿಪ್ಪಮ್ಮ, ಗೇಟ್‌ಕೀಪರ್ ಬೊಮ್ಮಯ್ಯನ ಹೆಂಡತಿ. ಮೊಳಕಾಲ್ಮುರಿನ ನೇಕಾರರು, ಮನೆಮಾತು ತೆಲುಗು. ಮಗ್ಗದ ಕೆಲಸ ಕಡಿಮೆಯಾಗಿ ಇಲ್ಲಿಗೆ ಬಂದವರು. ತಿಪ್ಪಮ್ಮನಿಗೆ ಆರು ತಿಂಗಳು ತುಂಬಿತ್ತು. ಹೊಸ ಸಿನಿಮಾ ಬಂದ ಶುಕ್ರವಾರ, ಗಾಳಿಯಾಡದ ಆ ಗೂಡಿನಲ್ಲಿ ಕೂತಲ್ಲೇ ತಲೆ ಗೋಡೆಗೆ ಒರಗಿತು. ಹೊರಗೆ ಸಾಲಿನಲ್ಲಿದ್ದ ಹೆಂಗಸರು ಟಿಕೆಟ್ ಯಾಕೆ ಬರುತ್ತಿಲ್ಲವೆಂದು ಕಿಂಡಿಯೊಳಗೆ ಕೈ ತೂರಿಸಿ ಬಹಳ ಹೊತ್ತು ಬಡಿಯುತ್ತಲೇ ಇದ್ದರು. ಬಾಗಿಲು ತೆಗೆದು ನೋಡಿದಾಗ ಜೀವ ಹೋಗಿತ್ತು.

ಟಾಕೀಸಿನ ಮಾಲೀಕರು ಗಂಗರಾಜು. ಚಿಕ್ಕಕ್ಕ ಅವರ ಮುಂದೆ ನಿಂತಾಗ ಮಗುವನ್ನು ಹೂವಿನವಳ ಹತ್ತಿರ ಬಿಟ್ಟು ಬಂದಿದ್ದಳು.

"ಊರಾಗೆ ಮನೆ ಐತಾ?"

"ನಮ್ಮತ್ತೆ ಮನೆ ಐತ್ರಿ."

"ಕೈಕೂಸು ಗೀಸು ಇದ್ರೆ ಬ್ಯಾಡಮ್ಮ. ಮೂರು ಶೋ ಕೂರ್ಬೇಕು."

"ಇಲ್ರಿ."

ಅತ್ತೆಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಇದ್ದದ್ದು ಕೂಸು.

ಭ್ರಮರಾಂಬ ಟಾಕೀಸನ್ನು ಗಂಗರಾಜು ಅವರ ತಂದೆ, ಎಣ್ಣೆ ಮಿಲ್ಲಿನ ಸಾಹುಕಾರರು, 1951ರಲ್ಲಿ ಕಂಪನಿ ನಾಟಕಗಳಿಗೆಂದು ಕಟ್ಟಿಸಿದ್ದರು. ಸಿನಿಮಾ ಕಾಲ ಬಂದಾಗ ರಂಗದ ಮುಂದೆ ಬಿಳಿ ಪರದೆ ಎಳೆದರಷ್ಟೇ, ರಂಗವನ್ನು ಕೆಡವಲಿಲ್ಲ. ಪರದೆಯ ಹಿಂದೆ ಹಲಗೆ ನೆಲ, ಬಣ್ಣ ಬಳಿದುಕೊಳ್ಳುವ ಕೋಣೆ, ಮೇಲಿಂದ ಇಳಿಬಿದ್ದ ಹಗ್ಗಗಳು, ಅರಮನೆ ಕಾಡು ಬೀದಿ ಬರೆದ ದೊಡ್ಡ ದೊಡ್ಡ ಬಟ್ಟೆಗಳು ಎಲ್ಲ ಹಾಗೇ ಉಳಿದಿದ್ದವು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಹಿಂದಿನ ಓಣಿಗೆ ಒಂದು ಗಿಡ್ಡ ಬಾಗಿಲು, ಅದರ ಪಕ್ಕ ಸರಳಿನ ಕಿಟಕಿ. ಚಿಕ್ಕಕ್ಕ ಆ ಬಾಗಿಲಿನಿಂದ ಒಳಗೆ ಹೋಗಿ ಅರಮನೆಯ ಬಟ್ಟೆಯನ್ನು ಮಡಿಸಿ ಹಾಸಿಗೆ ಮಾಡಿಕೊಂಡಳು. ಮೂಲೆಯ ಹಗ್ಗಕ್ಕೆ ಸೀರೆ ಕಟ್ಟಿ ಜೋಲಿ ಮಾಡಿದಳು. ಟಿಕೆಟ್ ಕೊಟ್ಟು ಮುಗಿದೊಡನೆ ಓಡಿಬಂದು ಕೂಸಿನ ಪಕ್ಕ ಕೂರುತ್ತಿದ್ದಳು. ಪರದೆಯ ಹಿಂದಿನಿಂದ ಸಿನಿಮಾ ತಿರುಗುಮುರುಗಾಗಿ ಕಾಣುತ್ತಿತ್ತು. ಸ್ಪೀಕರಿನ ಅಬ್ಬರದಲ್ಲೂ ದಿವ್ಯಾ ನಿದ್ದೆ ಮಾಡುವುದನ್ನು ಕಲಿತಳು. ಸಿನಿಮಾ ನಿಂತು ನಿಶ್ಶಬ್ದವಾದರೆ ಎದ್ದು ಅಳುತ್ತಿದ್ದಳು.

ಆಪರೇಟರ್ ಅಜ್ಜಪ್ಪನಿಗೆ ವಾರದೊಳಗೆ ಗೊತ್ತಾಯಿತು. ಅವನು ಒಂದು ಬೆಳಿಗ್ಗೆ ರಂಗದ ಮೇಲೆ ಬಂದು ಜೋಲಿ ನೋಡಿ, ಏನೂ ಕೇಳದೆ ಹೋಗಿ, ಗಿಡ್ಡ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ತಂದು ಕೂರಿಸಿಕೊಟ್ಟ. "ಮಗಳ ಕಾಲಿನ ಗೆಜ್ಜೆ ಬಿಚ್ಚವ್ವ" ಅಂದ. ಅವಳು ಬಿಚ್ಚಲಿಲ್ಲ. ಆ ಗೆಜ್ಜೆ ಅವಳ ಅವ್ವನದು, ತವರಿನಿಂದ ಬಂದ ಒಂದೇ ವಸ್ತು.

ಎರಡನೆಯ ತಿಂಗಳಲ್ಲಿ ಪೋಸ್ಟರ್ ಅಂಟಿಸುವವನು ಹೋಗಿ ಗಂಗರಾಜು ಅವರಿಗೆ ಹೇಳಿದ: ಬೀಗ ಹಾಕಿದ ಟಾಕೀಸಿನೊಳಗೆ ಕೂಸು ಅಳುತ್ತೈತೆ. ಅವರು ಕೆಲಸದವರನ್ನೆಲ್ಲ ಕರೆಸಿದರು. ಚಿಕ್ಕಕ್ಕನ ಸರದಿ ಬಂತು.

"ನಿಂಗೇನಾದ್ರೂ ಕೇಳ್ಸೈತಾ?"

ಆಗ ಅವಳು ಹೇಳಿದ ಮಾತು ಚಿಕ್ಕದು. "ಕೇಳ್ಸೈತ್ರಿ. ಪಾಪ, ಬಸುರಿ ಹೆಂಗಸು ಸತ್ತ ಜಾಗ ಅಲ್ವಾ."

ಅಷ್ಟೇ. ತಿಪ್ಪಮ್ಮನ ಹೆಸರನ್ನೂ ಅವಳು ತೆಗೆಯಲಿಲ್ಲ. ಉಳಿದದ್ದನ್ನು ಊರು ಸೇರಿಸಿಕೊಂಡಿತು. ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ, ಮರುದಿನ ಮಂಡಿಯಲ್ಲಿ, ವಾರದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಸುದ್ದಿ ಹಬ್ಬಿತು. ರಂಗದ ಕಡೆ ಯಾರೂ ತಲೆ ಹಾಕದಂತಾಯಿತು. ಚಿಕ್ಕಕ್ಕನಿಗೆ ಅದೇ ಬೇಕಾಗಿತ್ತು. ಆ ದಿನಗಳಲ್ಲಿ ತನಗೆ ನಿಜವಾಗಿ ಸಮಾಧಾನವೇ ಆಗಿತ್ತೆಂದು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ತಿಪ್ಪಮ್ಮನ ಗಂಡ ಬೊಮ್ಮಯ್ಯ ಗೇಟಿನ ಕೆಲಸ ಬಿಟ್ಟು ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡಿದ್ದ. ಮನೆ ಮಾತ್ರ ಟಾಕೀಸಿನ ಹಿಂದಿನ ಓಣಿಯಲ್ಲೇ ಇತ್ತು. ಅವರಿಗೆ ಒಬ್ಬಳೇ ಮಗಳು, ವೀಣಾ, ಒಂಬತ್ತು ವರ್ಷ. ಸುದ್ದಿ ಹಬ್ಬಿದ ಮೇಲಿನ ಮಂಗಳವಾರ ಮಧ್ಯಾಹ್ನ ಸರಳಿನ ಕಿಟಕಿಯ ಹೊರಗೆ ಸಣ್ಣ ದನಿಯೊಂದು ಕೇಳಿತು. "ಅಮ್ಮಾ, ಅನ್ನಂ ತೆಚ್ಚಾನು." ಅಮ್ಮಾ, ಅನ್ನ ತಂದಿದೀನಿ. ಮುತ್ತುಗದ ಎಲೆಯಲ್ಲಿ ಕಟ್ಟಿದ ಚಿತ್ರಾನ್ನವನ್ನು ಸರಳಿನ ಸಂದಿಯಿಂದ ಒಳಗೆ ಇಟ್ಟು ಹುಡುಗಿ ಹೋದಳು.

ಚಿಕ್ಕಕ್ಕ ಆ ದಿನ ಅದನ್ನು ಮುಟ್ಟಲಿಲ್ಲ. ಸಂಜೆ ಹುಡುಗಿ ಬಂದು ನೋಡಿ, ಇದ್ದದ್ದು ಇದ್ದ ಹಾಗೇ ಇರುವುದನ್ನು ಕಂಡು ಅತ್ತದ್ದು ಒಳಗೆ ಕೇಳಿತು. ಮುಂದಿನ ಮಂಗಳವಾರ ಮತ್ತೆ ಅನ್ನ ಬಂತು. ಸಂಬಳಕ್ಕೆ ಇನ್ನೂ ಎಂಟು ದಿನವಿತ್ತು. ದಿವ್ಯಾ ಬೆಳಗಿನಿಂದ ಬರೀ ಮಂಡಕ್ಕಿ ತಿಂದಿದ್ದಳು. ಚಿಕ್ಕಕ್ಕ ಎಲೆ ಬಿಚ್ಚಿ ಮಗಳಿಗೆ ಉಣ್ಣಿಸಿದಳು, ಉಳಿದದ್ದನ್ನು ತಾನು ಉಂಡಳು. ಸಂಜೆ ಬರಿಯ ಎಲೆ ಕಂಡ ಹುಡುಗಿ ಓಣಿಯುದ್ದಕ್ಕೂ ಕುಣಿದುಕೊಂಡು ಹೋದಳು.

ಅಲ್ಲಿಂದ ಎಂಟೊಂಬತ್ತು ತಿಂಗಳು ಮಂಗಳವಾರ ತಪ್ಪಲಿಲ್ಲ. ಅಪ್ಪ ಮಂಡಿಗೆ ಹೋದ ಮೇಲೆ ಹುಡುಗಿಯೇ ಅಡುಗೆ ಮಾಡುತ್ತಿದ್ದಳು. ಉಪ್ಪು ಕೆಲವು ಸಲ ಹೆಚ್ಚು, ಕೆಲವು ಸಲ ಇರುತ್ತಲೇ ಇರಲಿಲ್ಲ. ಬರಬರುತ್ತ ಅನ್ನ ಹದವಾಯಿತು. ಯುಗಾದಿಗೆ ಹೋಳಿಗೆ ಬಂತು. ಅನ್ನ ಇಟ್ಟು ಹುಡುಗಿ ಸ್ವಲ್ಪ ಹೊತ್ತು ಕಿಟಕಿಯ ಕೆಳಗೆ ಕೂತು ತೆಲುಗಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ದೆವ್ವದ ಮಗಳು ಅನ್ನುತ್ತಾರೆ, ನನಗೇನು ಬೇಜಾರಿಲ್ಲ, ನೀನು ಇದೀಯಲ್ಲ. ತಮ್ಮನೋ ತಂಗಿಯೋ, ಹೇಳು. ಒಳಗೆ ಚಿಕ್ಕಕ್ಕ ಮಗಳ ಬಾಯಿಗೆ ಕೈ ಅಡ್ಡ ಹಿಡಿದು ಕೂತಿರುತ್ತಿದ್ದಳು.

ಒಂದು ದಿನ ಹುಡುಗಿ ಎದ್ದು ಹೋಗಲಿಲ್ಲ. ಅಮ್ಮ ಮಾತಾಡುವ ತನಕ ಹೋಗುವುದಿಲ್ಲ ಅಂದಳು. ಏಪ್ರಿಲ್ ಬಿಸಿಲು. ಮ್ಯಾಟ್ನಿಗೆ ಜನ ಬರುವ ಹೊತ್ತಾಗಿತ್ತು, ಚಿಕ್ಕಕ್ಕ ಕೌಂಟರಿನಲ್ಲಿ ಇರಬೇಕಾಗಿತ್ತು, ಜೋಲಿಯಲ್ಲಿ ದಿವ್ಯಾ ಹೊರಳುತ್ತಿದ್ದಳು. ಹೊರಗೆ ಹುಡುಗಿ ಒಂದೇ ಸಮನೆ ಕೇಳುತ್ತಿದ್ದಳು. "ಅಮ್ಮಾ, ತಿನ್ನಾವಾ? ಅಮ್ಮಾ, ತಿನ್ನಾವಾ?" ಉಂಡೆಯಾ, ಉಂಡೆಯಾ ಎಂದು.

ಚಿಕ್ಕಕ್ಕ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತು, ದನಿ ತಗ್ಗಿಸಿ ತೆಲುಗಿನಲ್ಲೇ ಹೇಳಿದಳು. "ತಿನ್ನಾನಮ್ಮಾ. ಇಂಟಿಕಿ ಪೋ." ಉಂಡೆನಮ್ಮ, ಮನೆಗೆ ಹೋಗು.

ಹೊರಗೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಓಡುವ ಕಾಲಿನ ಸದ್ದು. ಹಾಗೆ ಹೇಳಿದ್ದು ಸಿಕ್ಕಿಬೀಳುವ ಹೆದರಿಕೆಗೋ, ಆ ಮಗುವಿನ ಮೇಲಿನ ಕರುಣೆಗೋ ಎಂದು ನಾನು ಕೇಳಿದೆ. "ಕರುಣೆ ಅಂತ ಹೇಳಿದ್ರೆ ನೀವು ಒಪ್ಪಿಬಿಡ್ತೀರ, ಅದಕ್ಕೇ ಹೇಳಂಗಿಲ್ಲ" ಅಂದಳು.

ಆ ತಿಂಗಳೇ ಅವಳಿಗೆ ಹೂವಿನವಳ ಮನೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ದಿವ್ಯಾಳನ್ನು ಎತ್ತಿಕೊಂಡು ರಂಗ ಬಿಟ್ಟಳು. ಅದಾದ ಮೇಲೆ ಮೂರು ಮಂಗಳವಾರ ಕಿಟಕಿಯಲ್ಲಿ ಅನ್ನ ಹಾಗೇ ಉಳಿಯಿತು. ನಾಲ್ಕನೆಯ ವಾರ ಹುಡುಗಿ ಬರಲಿಲ್ಲ. ಮನೆಗೆ ಹೋಗು ಎಂದು ಅಮ್ಮ ಹೇಳಿದ್ದು ಊರಿಗೆ ಹೋಗು ಎಂದೇ, ಇನ್ನು ಇಲ್ಲಿ ಇರುವುದು ಬೇಡವೆಂದು ಮಗಳು ಹಠ ಹಿಡಿದಳಂತೆ. ಬೊಮ್ಮಯ್ಯ ಅವಳನ್ನು ಕರೆದುಕೊಂಡು ಮೊಳಕಾಲ್ಮುರಿಗೆ ಮರಳಿದ.

ಕೂಸು ಹೋದರೂ ಕತೆ ಉಳಿಯಿತು. ಚಿಕ್ಕಕ್ಕ ತಿಪ್ಪಮ್ಮನ ಸ್ಟೂಲಿನ ಮೇಲೆ ಇಪ್ಪತ್ತಾರು ವರ್ಷ ಕೂತಳು. ಎಷ್ಟೋ ಹೆಂಗಸರು ಕಿಂಡಿಯಲ್ಲಿ ಬಗ್ಗಿ, "ದೆವ್ವ ಐತಂತಲ್ಲ, ನಿಜಾನಾ?" ಎಂದು ಕೇಳಿಯೇ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಅವಳು ನಗುತ್ತಿದ್ದಳು. ಸರಿಮಾಡುವ ಅವಕಾಶ ಒಂದೇ ಸಲ ಬಂತು. 2011ರಲ್ಲಿ ರಾಯದುರ್ಗದ ಕಡೆಯ ಗಂಡಹೆಂಡತಿ ಇಬ್ಬರು ಬಂದರು. ಮಗನಿಗೆ ಮೊಳಕಾಲ್ಮುರಿನ ಹೆಣ್ಣು ನೋಡಿದ್ದೇವೆ, ಹುಡುಗಿ ಚೆನ್ನಾಗಿದ್ದಾಳೆ, ಮಗ್ಗದ ಕೆಲಸ ಬಲ್ಲಳು, ಆದರೆ ಅವಳ ತಾಯಿಯ ಜೀವಕ್ಕೆ ಮುಕ್ತಿಯಿಲ್ಲ, ಇಲ್ಲೇ ಇದ್ದಾಳೆ ಅನ್ನುತ್ತಾರೆ, ನೀವು ಹಳಬರು, ನಿಜ ಹೇಳಿ ಅಂದರು. ಆಗ ದಿವ್ಯಾ ನರ್ಸಿಂಗ್ ಓದುತ್ತಿದ್ದಳು. ಸುಳ್ಳು ಹೇಳಿ ಕೆಲಸಕ್ಕೆ ಸೇರಿ ಸಾಹುಕಾರರ ಟಾಕೀಸಿನಲ್ಲಿ ಕದ್ದು ಬದುಕಿದವಳು ಎಂದು ತಿಳಿದರೆ ಏನಾಗುವುದೋ ಎಂದು ಚಿಕ್ಕಕ್ಕ ಹೆದರಿದಳು.

"ಜನ ಅಂತಾರ್ರಿ. ನಂಗೊತ್ತಿಲ್ಲ" ಅಂದಳು.

ಆ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕಿಂಡಿಯಿಂದ ಅವಳಿಗೆ ಅವರ ಬೆನ್ನು ಕಾಣುತ್ತಿತ್ತು. ಕರೆಯಬಹುದಾಗಿತ್ತು. ಅವರು ರಸ್ತೆ ದಾಟುವವರೆಗೂ ನೋಡುತ್ತ ಕೂತಿದ್ದಳು.

ಕೊರೊನಾದಲ್ಲಿ ಟಾಕೀಸು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಚಿಕ್ಕಕ್ಕ ಮಂಡಿಯಲ್ಲಿ ಶೇಂಗಾ ಹಸನು ಮಾಡುವ ಕೆಲಸಕ್ಕೆ ಹೋಗತೊಡಗಿದಳು. ಅಜ್ಜಪ್ಪ ತೀರಿಕೊಂಡ, ಗಂಗರಾಜು ತೀರಿಕೊಂಡರು. ಅವರ ಮಗ ಮಾರುತೇಶ್ ಹೋದ ವರ್ಷ ಜನವರಿಯಲ್ಲಿ ಅಂಗಡಿ ಸಾಲು ಕಟ್ಟಿಸಲು ಟಾಕೀಸು ಒಡೆಯಲು ಹೊರಟಾಗ, ಕೂಲಿಯವರು ಬಾಲ್ಕನಿ ಒಡೆದರು, ಗೋಡೆ ಒಡೆದರು, ರಂಗದ ಹತ್ತಿರ ಬಂದು ನಿಂತುಬಿಟ್ಟರು. ಬಸುರಿ ಇರುವ ಜಾಗಕ್ಕೆ ಹಾರೆ ಹಾಕುವುದಿಲ್ಲ ಅಂದರು. ಮಾರುತೇಶ್ ಗೌರಸಮುದ್ರದ ಕಡೆಯಿಂದ ಕ್ಯಾತಣ್ಣ ಎಂಬ ಪೂಜಾರಿಯನ್ನು ಕರೆಸಿದ. ಸತ್ತವಳ ಮಗಳೇ ಬಂದು ಎಡೆ ಇಟ್ಟು ಕರೆದರೆ ಜೀವ ಆ ಜಾಗ ಬಿಟ್ಟು ಏಳುತ್ತದೆ ಎಂದು ಪೂಜಾರಿ ಹೇಳಿದ. ವೀಣಾಳಿಗೆ ಹೇಳಿಕಳಿಸಿದರು. ಹಳೆಯ ಕೆಲಸದವಳೆಂದು ಚಿಕ್ಕಕ್ಕನನ್ನೂ ಕರೆದರು.

ಬೆಳಗಿನ ಹತ್ತು ಗಂಟೆ. ಚಾವಣಿ ಅರ್ಧ ಹೋಗಿ ರಂಗದ ಮೇಲೆ ಬಿಸಿಲು ಬಿದ್ದಿತ್ತು. ವೀಣಾಳಿಗೆ ಮೂವತ್ತೊಂಬತ್ತು. ಕೂದಲು ಆಗಲೇ ನೆರೆತಿತ್ತು. ಅಡುಗೆಯನ್ನು ಮನೆಯಲ್ಲೇ ಮಾಡಿ ತಂದಿದ್ದಳು.

"ಸದ್ದು ಎಲ್ಲಿಂದ ಬರ್ತಿತ್ತಮ್ಮ?" ಕ್ಯಾತಣ್ಣ ಚಿಕ್ಕಕ್ಕನನ್ನು ಕೇಳಿದ.

ಅವಳು ಹಗ್ಗವಿದ್ದ ಮೂಲೆಗೆ ಕೈ ತೋರಿಸಿದಳು. ಜೋಲಿ ಕಟ್ಟಿದ್ದು ಅಲ್ಲೇ.

ವೀಣಾ ಆ ಮೂಲೆಯಲ್ಲಿ ಎಲೆ ಹಾಸಿ ಬಡಿಸಿದಳು. ಕೈಮುಗಿದು ಕೂತು ತೆಲುಗಿನಲ್ಲಿ ಮಾತಾಡಿದಳು. ಇದನ್ನ ಒಡೀತಾರಮ್ಮ, ಇಲ್ಲಿರೋದು ಬೇಡ, ನಮ್ಮ ಜೊತೆ ಬಾ, ನಮ್ಮ ಯಜಮಾನರು ನಾಗಾರ್ಜುನ ಒಳ್ಳೆಯವರು, ಅಪ್ಪನೂ ನಮ್ಮ ಜೊತೇನೇ ಇದ್ದಾರೆ. ಹೇಳಿ ಮುಗಿಸಿ ಸುಮ್ಮನಾದಳು. ತಲೆ ಒಂದು ಕಡೆಗೆ ಸ್ವಲ್ಪ ವಾಲಿತು. ಅವಳು ಉತ್ತರಕ್ಕೆ ಕಾಯುತ್ತಿದ್ದಾಳೆಂದು ಚಿಕ್ಕಕ್ಕನಿಗೆ ಮಾತ್ರ ತಿಳಿಯಿತು.

ವೀಣಾ ಕಾಯುತ್ತಲೇ ಇದ್ದಳು.

"ಅಲ್ಲಿ ಯಾರೂ ಇಲ್ಲ ಕಣವ್ವ" ಅಂದಳು ಚಿಕ್ಕಕ್ಕ. "ಅವತ್ತೂ ಇರ್ಲಿಲ್ಲ. ನಾನಿದ್ದೆ."

ನಿಂತುಕೊಂಡೇ ಎಲ್ಲ ಹೇಳಿದಳು. ಗಂಡನಿಂದ ಓಡಿಬಂದದ್ದು, ಕೂಸು, ಜೋಲಿ, ಗಂಗರಾಜು ಅವರ ಮುಂದೆ ಹೇಳಿದ ಮಾತು, ಮಂಗಳವಾರದ ಅನ್ನ, ರಾಯದುರ್ಗದವರು. ಮಾರುತೇಶ್ ಸುತ್ತಲೂ ನೋಡಿ, "ಇದನ್ನ ಹೊರಗೆ ಅನ್ಬ್ಯಾಡ ಚಿಕ್ಕಕ್ಕ, ಕೂಲಿಯೋರು ಇನ್ನೊಂದು ಕತೆ ಕಟ್ತಾರೆ" ಅಂದ. ವೀಣಾ ಅವನ ಕಡೆ ತಿರುಗಲಿಲ್ಲ.

"ಒಂದಿನ ಮಾತಾಡಿತ್ತು" ಅಂದಳು. "ಅದೂ ನೀವೇನಾ ಅಕ್ಕ?"

"ನಾನೇ."

ವೀಣಾ ಎಲೆಯನ್ನು ತನ್ನ ಕಡೆ ಎಳೆದುಕೊಂಡಳು. "ಅಮ್ಮನ ದನಿ ನಂಗೆ ಮರ್ತೋಗಿತ್ತು. ಅವತ್ತು ಕೇಳಿದ್ದನ್ನೇ ಅಮ್ಮನ ದನಿ ಅಂತ ಇಟ್ಕೊಂಡಿದ್ದೆ. ಇನ್ನು ಅದೂ ಇಲ್ಲ."

ಚಿಕ್ಕಕ್ಕ ಅವಳ ಕಾಲಿಗೆ ಬೀಳಲು ಬಗ್ಗಿದಳು. ವೀಣಾ ಹಿಂದೆ ಸರಿದು, ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, "ಅಮ್ಮ ಸತ್ತ ಜಾಗ ಎಲ್ಲಿ? ಅದನ್ನ ತೋರ್ಸಿ" ಅಂದಳು.

ಹೆಂಗಸರ ಕೌಂಟರನ್ನು ಇನ್ನೂ ಒಡೆದಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಪರದೆಯ ಹಿಂದಿನ ಮಾತಾಡಿದ್ದರೇ ಹೊರತು ಆ ಗೂಡಿನಲ್ಲಿ ಒಂದು ದೀಪ ಹಚ್ಚಿದವರಿಲ್ಲ. ವೀಣಾ ಒಳಗೆ ಹೋಗಿ ಎಡೆ ಇಟ್ಟಳು. ಇಬ್ಬರು ನಿಲ್ಲುವಷ್ಟೂ ಜಾಗವಿರಲಿಲ್ಲವಾದ್ದರಿಂದ ಕ್ಯಾತಣ್ಣ ಹೊರಗೆ ನಿಂತೇ ಮಂಗಳಾರತಿ ಮಾಡಿದ. ಕಟ್ಟಡ ಒಡೆಯಲು ಅದು ಸಾಕಾಯಿತು. ಮಧ್ಯಾಹ್ನ ವೀಣಾ ಮೊಳಕಾಲ್ಮುರಿನ ಬಸ್ಸು ಹತ್ತಿದಳು.

ಚಿಕ್ಕಕ್ಕ ಮಂಡಿಯಲ್ಲಿ ಜೊತೆಯ ಹೆಂಗಸರಿಗೆ ಹೇಳಿದಳು, ಟೀ ಅಂಗಡಿಯಲ್ಲಿ ಹೇಳಿದಳು. ಯಾರೂ ನಂಬಲಿಲ್ಲ. ನಿನ್ನ ಕೂಸಿನ ಸದ್ದು ಇದ್ದಿರಬಹುದು, ಆದರೆ ನಮ್ಮ ಮಾವ ಬಿಳಿ ಸೀರೆ ಕಂಡಿದ್ದ, ಅದಕ್ಕೇನಂತೀಯ ಎಂದರು. ಮಗಳು ದಿವ್ಯಾ ಈಗ ಚಿತ್ರದುರ್ಗದಲ್ಲಿ ನರ್ಸು. ಎಲ್ಲ ಕೇಳಿ ಫೋನಿನಲ್ಲಿ ಅತ್ತು, "ನೀನು ಮತ್ತೇನು ಮಾಡ್ಬೇಕಿತ್ತವ್ವ, ನನ್ನ ಸಾಕ್ಬೇಕಿತ್ತಲ್ಲ" ಅಂದಳು. ಆ ಮಾತಿನಿಂದ ಚಿಕ್ಕಕ್ಕನಿಗೆ ಹಗುರವಾಗಲಿಲ್ಲ. ಕೂಸಿನ ಹೆಸರು ಹೇಳಿ ತಪ್ಪಿಸಿಕೊಂಡದ್ದು ಸಾಕಾಗಿತ್ತು.

ಫೆಬ್ರವರಿಯಲ್ಲಿ ತಾನೇ ಮೊಳಕಾಲ್ಮುರಿಗೆ ಹೋದಳು. ವೀಣಾ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ನೋಡಿ ಲಾಳಿ ನಿಲ್ಲಿಸಿದಳು.

"ಅನ್ನ ತಿಂದಿದ್ದಕ್ಕೆ ಸಿಟ್ಟಿಲ್ಲ ಅಕ್ಕ. ಮಗು ಇತ್ತಲ್ಲ. ಐದು ಗಂಡು ವಾಪಸ್ ಹೋದವು, ಅದಕ್ಕೆ ಸಿಟ್ಟಿತ್ತು. ಮೂವತ್ಮೂರಕ್ಕೆ ಮದ್ವೆ ಆಯ್ತು. ಮಕ್ಕಳಾಗ್ಲಿಲ್ಲ. ಆದ್ರೆ ಮಾತಾಡಬಾರದಿತ್ತು ನೀವು."

"ಹೌದವ್ವ, ಮಾತಾಡಬಾರದಿತ್ತು."

"ಅಪ್ಪಂಗೆ ನಾನು ಹೇಳಿಲ್ಲ. ನೀವೇ ಹೇಳಿ."

ಬೊಮ್ಮಯ್ಯ ಹಿತ್ತಲಿನಲ್ಲಿ ಮಂಚದ ಮೇಲೆ ಕೂತು ರೇಷ್ಮೆ ನೂಲಿನ ಸಿಕ್ಕು ಬಿಡಿಸುತ್ತಿದ್ದ. ಎಪ್ಪತ್ತಾಗಿತ್ತು, ಕಿವಿ ಮಂದವಾಗಿತ್ತು. ಸತ್ತ ದಿನ ಬೆಳಿಗ್ಗೆ ತಿಪ್ಪಮ್ಮ, ಹೊಟ್ಟೆ ಹಿಡಿದ ಹಾಗೆ ಆಗುತ್ತಿದೆ, ಇವತ್ತು ಹೋಗಲ್ಲ ಅಂದಿದ್ದಳಂತೆ. ಹೊಸ ಸಿನಿಮಾ, ಒಂದು ದಿನ ಕೂತು ಬಾ ಎಂದು ಅವನೇ ಕಳಿಸಿದ್ದನಂತೆ. ಅದಕ್ಕೇ ಅವಳು ಟಾಕೀಸು ಬಿಟ್ಟು ಹೋಗಲಿಲ್ಲ, ನನ್ನ ಮೇಲಿನ ಸಿಟ್ಟಿಗೆ ಅಲ್ಲೇ ನಿಂತಳು ಎಂದು ನಂಬಿ ಅವನು ಮೂವತ್ತು ವರ್ಷ ಬದುಕಿದ್ದ. ಇದನ್ನು ವೀಣಾ ಒಳಗೇ ಚಿಕ್ಕಕ್ಕನಿಗೆ ಹೇಳಿ ಕಳಿಸಿದ್ದಳು.

ಅವಳು ಅವನ ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ, ಪೂರ್ತಿ ಹೇಳಿದಳು. ಓಣಿಗೂ ಕೇಳುವಂತಿತ್ತು. ಬೊಮ್ಮಯ್ಯ ನೂಲು ಕೆಳಗಿಟ್ಟ.

"ಅಂದ್ರೆ ನಮ್ಮೋಳು ಅವತ್ತೇ ಹೋದ್ಲಾ?"

"ಅವತ್ತೇ ಹೋದ್ರು. ಯಾವತ್ತೂ ಅಲ್ಲಿರ್ಲಿಲ್ಲ."

"ನಿಂತಿರ್ಲಿಲ್ಲ?"

"ಇಲ್ಲ ಯಜಮಾನ್ರೆ."

ಮುದುಕನ ಮುಖ ಸಡಿಲವಾಯಿತು. ಕಣ್ಣು ಒರೆಸಿಕೊಂಡು, ಚಿಕ್ಕಕ್ಕನಿಗೆ ಎರಡೂ ಕೈ ಜೋಡಿಸಿದ. "ಬಂದು ಹೇಳಿದ್ಯಲ್ಲ ತಾಯಿ" ಅಂದ. ಅವಳು ಅವನ ಕೈ ಹಿಡಿದು ಬಿಡಿಸಲು ನೋಡಿದಳು, ಅವನು ಬಿಡಲಿಲ್ಲ.

"ಹೊಡೆದಿದ್ರೆ ತಡ್ಕೊಂತಿದ್ದೆ" ಎಂದಳು ಚಿಕ್ಕಕ್ಕ ನಮ್ಮ ಜಗಲಿಯ ಮೇಲೆ. ಆಮೇಲೆ ಅವಳು ಮೊಳಕಾಲ್ಮುರಿಗೆ ಇನ್ನೆರಡು ಸಲ ಹೋಗಿಬಂದಿದ್ದಾಳೆ. ವೀಣಾ ಹೆಚ್ಚು ಮಾತಾಡುವುದಿಲ್ಲ, ಬರಬೇಡ ಎಂದೂ ಹೇಳುವುದಿಲ್ಲ. ಚಿಕ್ಕಕ್ಕ ಬೊಮ್ಮಯ್ಯನ ಎದುರು ಕೂತು, ಅವನ ಜೊತೆ ನೂಲಿನ ಸಿಕ್ಕು ಬಿಡಿಸಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಾಳೆ.